ನಾವಿಕರ ಅನ್ನವನ್ನು ಬದಲಿಸಿದ ತಕಾಕಿ

ಜನರು ಏನನ್ನು ಉಣ್ಣಬೇಕೆಂಬುದನ್ನು ಸರ್ಕಾರವು ಹೇಳಬಹುದೆ? ಹೇಳಿದರೆ ಅದರಿಂದ ಜನರ ಆರೋಗ್ಯವು ನಿಜವಾಗಿ ಸುಧಾರಿಸುವುದೆ? ಚರ್ಚಾಕೂಟದಲ್ಲಿ ಈ ವಿಷಯವನ್ನಿಟ್ಟರೆ ಎರಡು ಪಕ್ಷದವರಿಗೂ ಮಾತಿಗೆ ಬರಗಾಲವಿರುವುದಿಲ್ಲ. ಅಮೆರಿಕದ ಸರ್ಕಾರವು 1980ರಿಂದ ಐದೈದು ವರ್ಷಕ್ಕೊಮ್ಮೆ ಆಹಾರಸೂತ್ರಗಳ ಪುಸ್ತಕವನ್ನು ಹೊರಡಿಸುತ್ತಲೇ ಬಂದಿದೆ. ಆದರೂ 1970ರ ದಶಕದ ಕೊನೆಯಲ್ಲಿ ಅಲ್ಲಿನ ವಯಸ್ಕರಲ್ಲಿ ನೂರಕ್ಕೆ ಹದಿನೈದು ಮಂದಿಗಿದ್ದ ಅತಿಬೊಜ್ಜು 2018ರ ವೇಳೆಗೆ ನೂರಕ್ಕೆ ನಲವತ್ತನ್ನು ದಾಟಿತು. ಇಂಥ ಪುಸ್ತಕದಿಂದ ಏನು ಫಲ ಎಂದು ಒಂದು ಪಕ್ಷದವರು ಕೇಳುವರು. ಜನರು ಆ ಪುಸ್ತಕದಂತೆ ಉಂಡೇ ಇಲ್ಲ, ಕುಡಿಯದೆ ಇಟ್ಟ ಕಷಾಯವನ್ನು ದೂರಿ ಪ್ರಯೋಜನವೇನು ಎಂದು ಇನ್ನೊಂದು ಪಕ್ಷದವರು ಉತ್ತರ ಕೊಡುವರು. ಈ ವಾದವು ಹೊತ್ತು ಮುಳುಗುವವರೆಗೂ ನಡೆದೀತು. ನನಗೆ ತೋರುವುದೇನೆಂದರೆ, ವಾದಕ್ಕೆ ಇಳಿಯುವ ಮೊದಲು ಒಬ್ಬ ಮನುಷ್ಯನ ಜೀವನವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಜನ ಅದರಂತೆ ಉಂಡರು. ಉಂಡವರಲ್ಲಿ ಎಷ್ಟು ಮಂದಿ ಬದುಕಿದರು, ಎಷ್ಟು ಮಂದಿ ಸತ್ತರು ಎಂಬ ಲೆಕ್ಕವನ್ನೂ ಇಡಲಾಯಿತು. ಅದೇ ಸರ್ಕಾರದ ಮತ್ತೊಂದು ಇಲಾಖೆ ಅದೇ ಕಾಲದಲ್ಲಿ ಬೇರೆ ಬಗೆಯ ಆಹಾರವನ್ನು ಕಟ್ಟಳೆ ಮಾಡಿತು. ಅದರ ಲೆಕ್ಕವೂ ಉಳಿದಿದೆ.

ಆ ಮನುಷ್ಯನೇ ಜಪಾನಿನ ನೌಕಾಬಲದ ವೈದ್ಯನಾಗಿದ್ದ ತಕಾಕಿ ಕನೆಹಿರೊ. (ಆ ದೇಶದಲ್ಲಿ ಮನೆತನದ ಹೆಸರನ್ನು ಮೊದಲು ಹೇಳುವುದು ರೂಢಿ.) ಆತನು 1849ರಲ್ಲಿ ಕ್ಯೂಷು ದ್ವೀಪದ ತಕಾಒಕಾ ಎಂಬಲ್ಲಿ ಹುಟ್ಟಿದನು. ಅದು ಈಗ ಮಿಯಾಜಾಕಿ ಪ್ರಾಂತಕ್ಕೆ ಸೇರಿದೆ. ಆಗ ಸತ್ಸುಮಾ ಸಂಸ್ಥಾನಕ್ಕೆ ಒಳಪಟ್ಟಿತ್ತು. ಮನೆತನವು ಸಮುರಾಯಿಗಳದೇ ಆದರೂ ಕೆಳದರ್ಜೆಯದು. ತಂದೆಯು ಹೊಟ್ಟೆಪಾಡಿಗಾಗಿ ಬಡಗಿಯ ಕೆಲಸವನ್ನೂ ಮಾಡುತ್ತಿದ್ದನು. ಹುಡುಗನು ಮೊದಲು ಚೀನೀ ಪದ್ಧತಿಯ ವೈದ್ಯವನ್ನು ಕಲಿತನು. 1868ರಲ್ಲಿ ಷೋಗನರ ಆಳ್ವಿಕೆಯನ್ನು ಕೊನೆಗಾಣಿಸಿದ ಅಂತರ್ಯುದ್ಧದಲ್ಲಿ ಸತ್ಸುಮಾ ದಂಡಿನೊಡನೆ ವೈದ್ಯನಾಗಿ ಹೋದಾಗ, ಗುಂಡೇಟು ತಿಂದವರ ಮುಂದೆ ತಾನು ಕಲಿತ ವಿದ್ಯೆ ಎಷ್ಟು ಅಲ್ಪವೆಂಬುದು ಅವನಿಗೆ ಮನವರಿಕೆಯಾಯಿತು. ಮುಂದೆ ಕಾಗೊಷಿಮಾದಲ್ಲಿ ವಿಲಿಯಂ ವಿಲ್ಲಿಸ್ ಎಂಬ ಬ್ರಿಟಿಷ್ ವೈದ್ಯನ ಬಳಿ ಪಾಶ್ಚಾತ್ಯ ವೈದ್ಯವನ್ನು ಅಭ್ಯಾಸ ಮಾಡಿ, 1872ರಲ್ಲಿ ಹೊಸದಾಗಿ ಕಟ್ಟುತ್ತಿದ್ದ ನೌಕಾಬಲವನ್ನು ಸೇರಿದನು. 1875ರಲ್ಲಿ ಸರ್ಕಾರವು ಅವನನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಶಾಲೆಗೆ ಕಳುಹಿಸಿತು. ಐದು ವರ್ಷ ಅಲ್ಲಿದ್ದು, ಬಹುಮಾನಗಳನ್ನು ಗಳಿಸಿ, 1880ರಲ್ಲಿ ತಾಯ್ನಾಡಿಗೆ ಹಿಂದಿರುಗಿದನು.

ಈ ಲಂಡನ್ ವಾಸದಲ್ಲಿ ಅವನ ಕಣ್ಣಿಗೆ ಬಿದ್ದ ಒಂದು ಸಂಗತಿ ಮುಂದೆ ಬಹಳ ಕೆಲಸಕ್ಕೆ ಬಂದಿತು. ಜಪಾನಿನಲ್ಲಿ ಆಸ್ಪತ್ರೆಗಳನ್ನು ತುಂಬುತ್ತಿದ್ದ ಒಂದು ರೋಗವನ್ನು ಲಂಡನ್ನಿನ ಆಸ್ಪತ್ರೆಯಲ್ಲಿ ಅವನು ನೋಡಲೇ ಇಲ್ಲ. ಆ ರೋಗವೇ ಬೆರಿಬೆರಿ. ಜಪಾನೀ ಭಾಷೆಯಲ್ಲಿ ಅದಕ್ಕೆ ಕಕ್ಕೆ ಎಂದು ಹೆಸರು. ನಮ್ಮ ಕಾಡಿನಲ್ಲಿ ಹಳದಿಯ ಹೂ ಬಿಡುವ ಕಕ್ಕೆಗೂ ಅದಕ್ಕೂ ಯಾವ ನಂಟೂ ಇಲ್ಲ. ಅವರ ಮಾತಿನಲ್ಲಿ ಅದು ಕಾಲಿನ ಬೇನೆಯನ್ನು ಸೂಚಿಸುವ ಪದ. ಮೊದಲು ಕಾಲು ಭಾರವಾಗುವುದು, ಜೋಮು ಹಿಡಿಯುವುದು, ಮೀನಖಂಡಗಳಲ್ಲಿ ನೋವು ಬರುವುದು. ಬಳಿಕ ಮೈ ಬಾತುಕೊಂಡು, ಏದುಸಿರು ಹತ್ತಿ, ಎದೆ ಡವಡವ ಬಡಿದುಕೊಳ್ಳುವುದು. ಕೊನೆಗೆ ನಿನ್ನೆ ನಡೆದಾಡುತ್ತಿದ್ದ ತರುಣನು ಇಂದು ಹೃದಯ ನಿಂತು ಸಾಯುವನು. ಬಡವರಿಗಿಂತ ಪಟ್ಟಣದ ಅನುಕೂಲಸ್ಥರಿಗೇ ಇದು ಹೆಚ್ಚು ತಗಲುತ್ತಿದ್ದುದು ವಿಚಿತ್ರ. ಹಳ್ಳಿಯಿಂದ ರಾಜಧಾನಿಗೆ, ಅಂದರೆ ಇಂದಿನ ಟೋಕಿಯೊವಾದ ಆಗಿನ ಎಡೊ ನಗರಕ್ಕೆ ಬಂದವರು ಕಾಯಿಲೆ ಬೀಳುತ್ತಿದ್ದರು. ಊರಿಗೆ ಮರಳಿದರೆ ಗುಣವಾಗುತ್ತಿದ್ದರು. ಆದುದರಿಂದ ಜನರು ಅದನ್ನು ಎಡೊ ಬೇನೆ ಎಂದೂ ಕರೆಯುತ್ತಿದ್ದರು. 1866ರಲ್ಲಿ ಇಪ್ಪತ್ತೇ ವರ್ಷದ ಷೋಗನನೊಬ್ಬನು ಇದರಿಂದ ಸತ್ತನು. 1877ರಲ್ಲಿ ಮೈಜಿ ಚಕ್ರವರ್ತಿಯ ಸೋದರತ್ತೆಯಾದ ರಾಜಕುಮಾರಿಯೂ ಇದಕ್ಕೆ ತುತ್ತಾದಳು. ಚಕ್ರವರ್ತಿಗೇ ಈ ಬೇನೆ ಆಗಾಗ ಕಾಡುತ್ತಿತ್ತು. ಹಳೆಯ ಪದ್ಧತಿಯ ವೈದ್ಯರು ಬಾರ್ಲಿ, ಕೆಂಪು ಅಲಸಂದೆಯಂಥ ಕಾಳುಗಳನ್ನು ಪಥ್ಯವಾಗಿ ಹೇಳುತ್ತಿದ್ದರು. ಹೊಸ ವಿದ್ಯೆಯ ಡಾಕ್ಟರುಗಳು ಅದನ್ನು ಅಜ್ಜಿಯ ಮದ್ದೆಂದು ತಳ್ಳಿಹಾಕಿದ್ದರು.

ನೌಕಾಬಲದ ಸ್ಥಿತಿಯಂತೂ ಶೋಚನೀಯವಾಗಿತ್ತು. 1882ರಲ್ಲಿ 4,769 ಮಂದಿ ಇದ್ದ ಪಡೆಯಲ್ಲಿ 1,929 ಬೆರಿಬೆರಿ ಪ್ರಕರಣಗಳಾದವು. 51 ಮಂದಿ ಸತ್ತರು. ಅದೇ ವರ್ಷ ಕೊರಿಯಾದೊಡನೆ ಜಗಳ ಬಂದು ಹಡಗುಗಳು ಅಲ್ಲಿನ ತೀರಕ್ಕೆ ಹೋಗಿ ನಿಂತವು. ಹಡಗಿನೊಳಗೆ ನಾವಿಕರು ಸಾಲುಸಾಲಾಗಿ ಮಲಗಿದ್ದರು. ಯುದ್ಧವು ನಡೆಯದೆ ಹೋದದ್ದು ದೈವಕೃಪೆ. ನಡೆದಿದ್ದರೆ ಫಿರಂಗಿ ಹಾರಿಸಲು ಆಳುಗಳು ಸಾಲುತ್ತಿರಲಿಲ್ಲ.

ತಕಾಕಿಯು ಈ ರೋಗದ ಹಿಂದೆ ಬಿದ್ದ ರೀತಿಯು ಗಮನಾರ್ಹವಾಗಿದೆ. ಆತನು ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳಲಿಲ್ಲ. ಕೋಣೆ ಕೋಣೆ ಅಲೆದನು. ಹಡಗುಗಳಲ್ಲಿ ನಾವಿಕರು ಮಲಗುವ ಜಾಗ, ತೊಡುವ ಬಟ್ಟೆ, ಕುಡಿಯುವ ನೀರು, ಮಾಡುವ ಕೆಲಸ ಎಲ್ಲವನ್ನೂ ಪರೀಕ್ಷಿಸಿದನು. ಒಂದೇ ಹಡಗು, ಒಂದೇ ಗಾಳಿ, ಒಂದೇ ನೀರು. ಆದರೂ ಅಧಿಕಾರಿಗಳಲ್ಲಿ ರೋಗ ಕಡಿಮೆ, ಸಾಮಾನ್ಯ ನಾವಿಕರಲ್ಲಿ ಹೆಚ್ಚು, ಹಡಗಿನ ಕೈದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಕಾಲ ದೇಶಗಳು ಒಂದೇ ಆಗಿದ್ದಲ್ಲಿ ಬೇರೆಯಾಗಿದ್ದುದು ಊಟವೊಂದೇ. ಆಗಿನ ಕಟ್ಟಳೆಯಂತೆ ನಾವಿಕರಿಗೆ ಅಕ್ಕಿಯನ್ನು ಕೊಟ್ಟು, ಮೇಲೋಗರಕ್ಕೆಂದು ದಿನಭತ್ಯವನ್ನು ಹಣದ ರೂಪದಲ್ಲಿ ಕೊಡುತ್ತಿದ್ದರು. ಬಡ ಸಂಸಾರಗಳಿಂದ ಬಂದ ಹುಡುಗರು ಆ ಹಣವನ್ನು ಉಳಿಸಿ ಮನೆಗೆ ಕಳುಹಿಸುತ್ತಿದ್ದರು. ತಾವು ಬಿಳಿಯ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡು ಹೊಟ್ಟೆ ತುಂಬಿಸುತ್ತಿದ್ದರು. ಊಟದ ಹಣವನ್ನು ಉಳಿಸಿ ಊರಿಗೆ ಮನಿಯಾರ್ಡರು ಮಾಡುವ ಹಾಸ್ಟೆಲು ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೂರೋಪಿನ ಆಹಾರಶಾಸ್ತ್ರವನ್ನು ಓದಿಕೊಂಡಿದ್ದ ತಕಾಕಿಯು ಈ ಊಟದಲ್ಲಿ ಸಾರಜನಕಕ್ಕೂ ಇಂಗಾಲಕ್ಕೂ ಇರುವ ಪ್ರಮಾಣವನ್ನು ಲೆಕ್ಕ ಹಾಕಿದನು. ಆರೋಗ್ಯಕರವಾದ ಊಟದಲ್ಲಿ ಅದು ಒಂದಕ್ಕೆ ಹದಿನೈದು ಇರಬೇಕೆಂಬುದು ಅವನ ನಂಬಿಕೆ. ನಾವಿಕರ ಊಟದಲ್ಲಿ ಒಂದಕ್ಕೆ ಇಪ್ಪತ್ತು, ಕೆಲವು ಕಡೆ ಇನ್ನೂ ಹೆಚ್ಚು ಇತ್ತು. ಸಸಾರಜನಕ ಪದಾರ್ಥಗಳು ಕಡಿಮೆಯಾಗಿ ಪಿಷ್ಟವು ಹೆಚ್ಚಾದುದರಿಂದಲೇ ಬೆರಿಬೆರಿ ಬರುವುದೆಂದು ಆತನು ತೀರ್ಮಾನಿಸಿದನು. ಈ ತೀರ್ಮಾನವು ತಪ್ಪು. ಅದನ್ನು ಮುಂದೆ ನೋಡೋಣ.

ಈ ನಡುವೆ ರ್ಯೂಜೊ ಎಂಬ ತರಬೇತಿಯ ಹಡಗು 1882ರ ಡಿಸೆಂಬರಿನಲ್ಲಿ ಹೊರಟು ನ್ಯೂಜಿಲೆಂಡು, ದಕ್ಷಿಣ ಅಮೆರಿಕದ ತೀರ, ಹವಾಯಿಗಳನ್ನು ಸುತ್ತಿ ಮರುವರ್ಷ ಹಿಂದಿರುಗಿತು. 272 ದಿನಗಳ ಪ್ರಯಾಣ. ಹಡಗಿನಲ್ಲಿದ್ದವರು 376 ಮಂದಿ; ಬೆರಿಬೆರಿ ಹಿಡಿದವರು ನೂರ ಅರವತ್ತಕ್ಕೂ ಮಿಕ್ಕವರು; ಸತ್ತವರು 25. ಹವಾಯಿಯ ಹೊನೊಲುಲು ಬಂದರನ್ನು ಮುಟ್ಟುವಾಗ ಹಡಗು ನಡೆಸುವವರಿಗೇ ಕಾಲು ನಿಲ್ಲದಂತಾಗಿತ್ತು. ಅಲ್ಲಿ ಅಕ್ಕಿಯನ್ನು ಬಿಟ್ಟು ಮಾಂಸ, ರೊಟ್ಟಿ, ತರಕಾರಿಗಳನ್ನು ಕೊಟ್ಟ ಮೇಲೆ ರೋಗಿಗಳು ಒಬ್ಬೊಬ್ಬರಾಗಿ ಎದ್ದರು. ಈ ಸುದ್ದಿಯನ್ನು ಹಿಡಿದುಕೊಂಡು ತಕಾಕಿಯು ಮೇಲಧಿಕಾರಿಗಳ ಬಾಗಿಲನ್ನು ತಟ್ಟಿದನು. ಚಕ್ರವರ್ತಿಯ ದರ್ಶನವನ್ನೂ ಪಡೆದು ತನ್ನ ಅಭಿಪ್ರಾಯವನ್ನು ನಿವೇದಿಸಿಕೊಂಡನು. ಮುಂದೆ ಹೊರಡಲಿದ್ದ ತ್ಸುಕುಬಾ ಎಂಬ ಹಡಗನ್ನು ರ್ಯೂಜೊ ಹೋದ ದಾರಿಯಲ್ಲೇ ಕಳುಹಿಸಬೇಕು, ಆದರೆ ಊಟವನ್ನು ಬದಲಿಸಬೇಕು ಎಂಬುದು ಅವನ ಬೇಡಿಕೆ. ದಾರಿ ಬದಲಿಸುವುದಕ್ಕೂ ಮಾಂಸ, ಗಟ್ಟಿಹಾಲುಗಳನ್ನು ಕೊಳ್ಳುವುದಕ್ಕೂ ಹೆಚ್ಚಿನ ಹಣ ಬೇಕು. ಬಡ ಬೊಕ್ಕಸದಿಂದ ಅದನ್ನು ಕೀಳುವುದೇನು ಸುಲಭವೆ? ಆದರೂ ನೌಕಾಮಂತ್ರಿಯಾಗಿದ್ದ ಕವಾಮುರನು ಒಪ್ಪಿದನು.

ತ್ಸುಕುಬಾ 1884ರ ಫೆಬ್ರುವರಿಯಲ್ಲಿ ಹೊರಟಿತು. ಪ್ರಯಾಣವು 287 ದಿನ ನಡೆಯಿತು. ಆ ಒಂಬತ್ತು ತಿಂಗಳು ತಕಾಕಿಗೆ ನಿದ್ರೆ ಹೇಗೆ ಬಂದೀತು? ಹಡಗು ಹೆಣಗಳನ್ನು ಹೊತ್ತು ಬಂದಿದ್ದರೆ ಅವನ ವಾದ ಮಾತ್ರವಲ್ಲ, ಮಾನವೂ ಮುಳುಗುತ್ತಿತ್ತು. ಕೊನೆಗೆ ದಾರಿಯಿಂದ ತಂತಿ ಬಂದಿತು. ಬೆರಿಬೆರಿಯಿಂದ ಒಬ್ಬನೂ ಸತ್ತಿರಲಿಲ್ಲ. 333 ಮಂದಿಯಲ್ಲಿ 14 ಮಂದಿಗೆ ಮಾತ್ರ ರೋಗವು ತಗಲಿತ್ತು; ವಿಚಾರಿಸಿದರೆ ಅವರಲ್ಲಿ ಹೆಚ್ಚಿನವರು ಹೊಸ ಪದಾರ್ಥಗಳು ರುಚಿಸದೆ ಮಾಂಸವನ್ನೋ ಹಾಲನ್ನೋ ಬಿಟ್ಟವರೆಂದು ತಿಳಿಯಿತು.

ಇಷ್ಟರಲ್ಲೇ ಇಡೀ ನೌಕಾಬಲಕ್ಕೆ ಹೊಸ ಊಟದ ಆಜ್ಞೆಯಾಗಿತ್ತು. ಹಣವನ್ನು ಕೊಡುವುದನ್ನು ಬಿಟ್ಟು ಪದಾರ್ಥವನ್ನೇ ಕೊಡತಕ್ಕದ್ದೆಂದು ಕಟ್ಟಳೆ ಬಂದಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡ ಸುಧಾರಣೆಯೆಂದರೆ ಇದೇ. ಮಾಂಸವಾಗಲಿ ಬಾರ್ಲಿಯಾಗಲಿ ಆಮೇಲಿನ ಮಾತು. ಆದರೆ ಆಜ್ಞೆಯೊಂದೇ ಸಾಲಲಿಲ್ಲ. ನಾವಿಕರಿಗೆ ರೊಟ್ಟಿಯ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಬ್ರೆಡ್ಡು, ಬಿಸ್ಕತ್ತುಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಹುಟ್ಟಿದಾರಭ್ಯ ಅನ್ನ ಉಂಡ ಬಾಯಿಗೆ ಒಣ ರೊಟ್ಟಿಯನ್ನು ತುರುಕಿದರೆ ಯಾರು ತಾನೆ ಒಪ್ಪುವರು? ಇಂಥ ಸಮಯದಲ್ಲಿ ಕಲಿತ ಅಧಿಕಾರಿಗಳು ಜನರ ಮೂಢತನವನ್ನು ದೂರಿ ಸುಮ್ಮನಾಗುವುದುಂಟು. ತಕಾಕಿಯು ಹಾಗೆ ಮಾಡಲಿಲ್ಲ, ಆಜ್ಞೆಯನ್ನೇ ತಿದ್ದಿದನು. ಬಾರ್ಲಿಯಲ್ಲಿ ಅಕ್ಕಿಗಿಂತ ಸಸಾರಜನಕವು ಹೆಚ್ಚು, ಬೆಲೆಯೂ ಕಡಿಮೆ, ಅಕ್ಕಿಯೊಡನೆ ಬೆರೆಸಿ ಬೇಯಿಸಿದರೆ ಅನ್ನವು ಅನ್ನವಾಗಿಯೇ ಉಳಿಯುವುದು. 1885ರಿಂದ ಅಕ್ಕಿ ಬಾರ್ಲಿಗಳನ್ನು ಸಮಸಮವಾಗಿ ಬೆರೆಸಿದ ಅನ್ನವು ನೌಕಾಬಲದ ಊಟವಾಯಿತು. ಬಾರ್ಲಿಯು ಬಡವರ ಕೂಳೆಂದು ಮೂಗುಮುರಿದವರು ಇಲ್ಲದಿರಲಿಲ್ಲ. ಆದರೂ ಅದು ಗಂಟಲಲ್ಲಿ ಇಳಿಯಿತು. (ಜಪಾನೀಯರು ಇಂದಿಗೂ ಮೆಚ್ಚಿ ತಿನ್ನುವ ಕರಿ ಅನ್ನವು ನೌಕಾಬಲದ 1908ರ ಪಾಕಪುಸ್ತಕದಲ್ಲಿ ಸೇರಿದೆ, ನಮ್ಮ ಮಸಾಲೆಯು ಬ್ರಿಟಿಷರ ಹಡಗುಗಳನ್ನು ಹತ್ತಿ ಅಲ್ಲಿಗೆ ಮುಟ್ಟಿದ್ದು ಬೇರೊಂದು ರಸವತ್ತಾದ ಕಥೆ.)

ಇನ್ನು ಲೆಕ್ಕವನ್ನು ನೋಡಬಹುದು. 1883ರಲ್ಲಿ 5,346 ಮಂದಿಯಲ್ಲಿ 1,236 ಪ್ರಕರಣ, 49 ಸಾವು. 1884ರಲ್ಲಿ 5,638 ಮಂದಿಯಲ್ಲಿ 718 ಪ್ರಕರಣ, 8 ಸಾವು. 1885ರಲ್ಲಿ 6,918 ಮಂದಿಯಲ್ಲಿ 41 ಪ್ರಕರಣ. ಸಾವು ಒಂದೂ ಇಲ್ಲ. ಮೂರು ವರ್ಷಗಳ ಈ ಮೂರು ಸಾಲುಗಳನ್ನು ಓದಿದ ಮೇಲೂ ಸರ್ಕಾರದ ಊಟದ ಆಜ್ಞೆಯಿಂದ ಯಾರಿಗೂ ಎಂದಿಗೂ ಉಪಕಾರವಾಗಿಲ್ಲವೆಂದು ವಾದಿಸುವವನು ಬಲು ಗಟ್ಟಿಗನೇ ಸರಿ.

ಆದರೆ ಎದುರು ಪಕ್ಷದವರಿಗೂ ಹೇಳಲು ಮಾತಿದ್ದಿತು. ಟೋಕಿಯೊ ವಿಶ್ವವಿದ್ಯಾನಿಲಯದ ಪಂಡಿತರೂ ಭೂಸೈನ್ಯದ ವೈದ್ಯರೂ ಜರ್ಮನ್ ವಿದ್ಯೆಯ ಶಿಷ್ಯರು. ಅದು ಕಾಖ್ ಮಹಾಶಯನು ಒಂದಾದ ಮೇಲೊಂದು ರೋಗಾಣುಗಳನ್ನು ತೋರಿಸುತ್ತಿದ್ದ ಕಾಲ. ಬೆರಿಬೆರಿಗೂ ಒಂದು ರೋಗಾಣು ಇರಲೇಬೇಕೆಂದು ಅವರು ನಂಬಿದ್ದರು. 1885ರಲ್ಲಿ ಒಗಾತಾ ಎಂಬ ಪ್ರಾಧ್ಯಾಪಕನು ಅದನ್ನು ಕಂಡೆನೆಂದೂ ಪ್ರಕಟಿಸಿದನು. ತಕಾಕಿಯ ಪ್ರಯೋಗದಲ್ಲಿ ಲೋಪಗಳಿವೆ ಎಂದು ಅವರು ಎತ್ತಿ ಆಡಿದರು. ಒಂದೇ ಕಾಲದಲ್ಲಿ ಎರಡು ಹಡಗುಗಳನ್ನು ಕಳುಹಿಸಿ, ಒಂದಕ್ಕೆ ಹಳೆಯ ಊಟ, ಇನ್ನೊಂದಕ್ಕೆ ಹೊಸ ಊಟ ಕೊಟ್ಟು ನೋಡಿರಲಿಲ್ಲ. ಊಟದಲ್ಲಿ ಒಂದನ್ನಲ್ಲ, ಹಲವು ಪದಾರ್ಥಗಳನ್ನು ಒಟ್ಟಿಗೆ ಬದಲಿಸಿದ್ದನು. ಸಸಾರಜನಕದ ಸಿದ್ಧಾಂತಕ್ಕೂ ತಕ್ಕ ಆಧಾರವಿರಲಿಲ್ಲ. ಈ ಆಕ್ಷೇಪಣೆಗಳು ನ್ಯಾಯವಾದವು. ಇಂದು ಒಬ್ಬ ವಿದ್ಯಾರ್ಥಿಯು ಇಂಥ ಪ್ರಯೋಗವನ್ನು ಪ್ರಬಂಧವಾಗಿ ಒಪ್ಪಿಸಿದರೆ ಅಧ್ಯಾಪಕರು ಕೆಂಪುಶಾಯಿಯಿಂದ ಗೀಚದೆ ಬಿಡಲಾರರು. ಆದರೆ ಆಕ್ಷೇಪಣೆ ಮಾಡಿದವರು ಅದಕ್ಕಿಂತ ಒಳ್ಳೆಯ ಪ್ರಯೋಗವನ್ನು ಮಾಡಿ ತೋರಿಸಬೇಕಾಗಿತ್ತು. ಅವರು ಮಾಡಿದ್ದೇನು?

ಭೂಸೈನ್ಯದ ವೈದ್ಯರಲ್ಲಿ ಮೋರಿ ರಿಂತಾರೊ ಎಂಬಾತನಿದ್ದನು. ಮೋರಿ ಓಗಾಯ್ ಎಂಬ ಹೆಸರಿನಿಂದ ಜಪಾನಿನ ಹೊಸ ಸಾಹಿತ್ಯದಲ್ಲಿ ಅಗ್ರಪಂಕ್ತಿಯ ಲೇಖಕನೆನಿಸಿದವನು ಈತನೇ. ಜರ್ಮನಿಯಲ್ಲಿ ನಾಲ್ಕು ವರ್ಷ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು, 1889ರಲ್ಲಿ ಕೆಲವು ಸಿಪಾಯಿಗಳಿಗೆ ಬಿಳಿಯ ಅನ್ನ, ಬಾರ್ಲಿ ಬೆರೆಸಿದ ಅನ್ನ, ಪಾಶ್ಚಾತ್ಯ ಊಟ ಈ ಮೂರನ್ನೂ ಕೆಲವು ಕೆಲವು ದಿನ ಕೊಟ್ಟು, ಮೈಗೆ ಹತ್ತಿದ ಸಾರಜನಕವನ್ನೂ ಶಾಖವನ್ನೂ ಅಳೆದನು. ಬಿಳಿಯ ಅನ್ನವೇ ಶ್ರೇಷ್ಠವೆಂದು ಫಲ ಬಂದಿತು. ಅಳತೆಯಲ್ಲಿ ತಪ್ಪಿರಲಿಲ್ಲ, ಆದರೆ ಅಳೆಯಬೇಕಾದದ್ದನ್ನು ಅಳೆದಿರಲಿಲ್ಲ. ತಿಂಗಳುಗಟ್ಟಲೆ ಅದನ್ನೇ ಉಂಡರೆ ಎಷ್ಟು ಮಂದಿಗೆ ಕಾಲು ಬೀಳುವುದು ಎಂಬ ಪ್ರಶ್ನೆಗೆ ಕೆಲವು ದಿನಗಳ ಪ್ರಯೋಗದಲ್ಲಿ ಉತ್ತರ ಸಿಕ್ಕುವಂತಿರಲಿಲ್ಲ. ಸೈನ್ಯದ ವೈದ್ಯ ಇಲಾಖೆಯ ಮುಖ್ಯನಾಗಿದ್ದ ಇಶಿಗುರೊ ತದನೊರಿಯೂ ಬಿಳಿಯ ಅನ್ನದ ಪಕ್ಷ. ಇದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಹಳ್ಳಿಯಲ್ಲಿ ರಾಗಿಯಂಥ ಒರಟು ಧಾನ್ಯಗಳನ್ನು ಉಂಡು ಬೆಳೆದ ಬಡ ರೈತನ ಮಗನಿಗೆ ಸೈನ್ಯದಲ್ಲಿ ದಿನಕ್ಕೆ ಆರು ಗೋ, ಅಂದರೆ ಸುಮಾರು 900 ಗ್ರಾಂ ಬಿಳಿಯ ಅಕ್ಕಿ ಸಿಕ್ಕುವುದೆಂಬುದೇ ಒಂದು ದೊಡ್ಡ ಆಸೆ. ಅದನ್ನು ಕಿತ್ತುಕೊಂಡು ಬಾರ್ಲಿಯನ್ನು ಕೊಡುವುದು ಅಧಿಕಾರಿಗಳಿಗೂ ಅವಮಾನವೆಂದು ತೋರಿತು.

ಕೆಳಗಿನ ವೈದ್ಯರು ಮಾತ್ರ ಕಣ್ಣು ಮುಚ್ಚಿಕೊಂಡಿರಲಿಲ್ಲ. ಸೆರೆಮನೆಗಳಲ್ಲಿ ಖರ್ಚು ಉಳಿಸಲೆಂದು ಬಾರ್ಲಿ ಬೆರೆಸಿದ ಮೇಲೆ ಕೈದಿಗಳಲ್ಲಿ ಬೆರಿಬೆರಿ ಇಳಿದುದನ್ನು ಕೇಳಿ, ಒಸಾಕಾ ದಂಡಿನ ವೈದ್ಯನಾದ ಹೋರಿಉಚಿಯು 1884ರಲ್ಲೇ ತನ್ನ ಸಿಪಾಯಿಗಳಿಗೆ ಅದೇ ಅನ್ನವನ್ನು ಹಾಕಿಸಿದನು. ಅವನನ್ನು ನೋಡಿ ಇತರ ದಂಡುಗಳೂ ಅನುಸರಿಸಿದವು. ಶಾಂತಿಕಾಲದಲ್ಲಿ ಇದನ್ನು ಯಾರೂ ತಡೆಯಲಿಲ್ಲ. ಆದರೆ ಯುದ್ಧ ಬಂದರೆ ಊಟದ ಕಟ್ಟಳೆಯು ರಾಜಧಾನಿಯ ಮುಖ್ಯ ಕಚೇರಿಯಿಂದ ಹೊರಡುತ್ತಿತ್ತು. 1894-95ರ ಚೀನಾ ಯುದ್ಧದಲ್ಲಿ ಬಿಳಿಯ ಅಕ್ಕಿ ಹಡಗು ಹತ್ತಿತು. ನಲವತ್ತು ಸಾವಿರಕ್ಕೂ ಹೆಚ್ಚು ಸಿಪಾಯಿಗಳಿಗೆ ಬೆರಿಬೆರಿ ಹಿಡಿದು ನಾಲ್ಕು ಸಾವಿರದಷ್ಟು ಮಂದಿ ಸತ್ತರು. ಶತ್ರುವಿನ ಗುಂಡಿಗೆ ಬಿದ್ದವರು ಅದಕ್ಕಿಂತ ಬಹಳ ಕಡಿಮೆ. ಹತ್ತು ವರ್ಷಗಳ ಮೇಲೆ 1904-05ರಲ್ಲಿ ರಷ್ಯಾದೊಡನೆ ಯುದ್ಧವಾಯಿತು. ಮತ್ತೆ ಅದೇ ಬಿಳಿಯ ಅಕ್ಕಿ. ಸುಮಾರು ಎರಡೂವರೆ ಲಕ್ಷ ಮಂದಿ ಕಾಯಿಲೆ ಬಿದ್ದರು. ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಯುದ್ಧದಲ್ಲಿ ನೌಕಾಬಲದ ಬೆರಿಬೆರಿ ಪ್ರಕರಣಗಳು ನೂರರ ಆಸುಪಾಸು. ಕೊನೆಗೆ 1905ರಲ್ಲಿ ಯುದ್ಧಮಂತ್ರಿಯಾದ ತೆರಾಉಚಿಯು, ತಾನೇ ಬೆರಿಬೆರಿಯ ನೋವನ್ನು ಉಂಡಿದ್ದವನಾದುದರಿಂದಲೋ ಏನೋ, ವೈದ್ಯರ ತಕರಾರನ್ನು ಬದಿಗಿಟ್ಟು ಸೈನ್ಯಕ್ಕೂ ಬಾರ್ಲಿಯನ್ನು ಆಜ್ಞಾಪಿಸಿದನು. ಯುದ್ಧವು ಆಗ ಮುಗಿಯುತ್ತ ಬಂದಿತ್ತು.

ಎರಡೂ ಸರ್ಕಾರಿ ಆಜ್ಞೆಗಳೇ. ಎರಡನ್ನೂ ವಿದ್ಯಾವಂತರೇ ಹೊರಡಿಸಿದರು. ಶಾಸ್ತ್ರದ ತೂಕವನ್ನು ನೋಡಿದರೆ ಭೂಸೈನ್ಯದ ಪಕ್ಷವೇ ಭಾರವಾಗಿದ್ದಿತು. ತಕಾಕಿಯ ಸಿದ್ಧಾಂತವಂತೂ ಕಾಲಕ್ರಮದಲ್ಲಿ ಬಿದ್ದೇ ಹೋಯಿತು. ನಿಜವಾದ ಕಾರಣವನ್ನು ತೋರಿಸಿದವರು ಬೇರೆಯವರು. ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಐಕ್ಮನ್ ಎಂಬ ಡಚ್ ವೈದ್ಯನು ಬಿಳಿಯ ಅನ್ನ ತಿಂದ ಕೋಳಿಗಳಿಗೆ ಕಾಲು ಬಿದ್ದುದನ್ನೂ ತೌಡು ತಿಂದರೆ ಅವು ಗುಣವಾದುದನ್ನೂ 1890ರ ದಶಕದಲ್ಲಿ ಕಂಡನು. 1910ರಲ್ಲಿ ಜಪಾನಿನವನೇ ಆದ ಸುಜುಕಿ ಉಮೆತಾರೊ ತೌಡಿನಿಂದ ಆ ಸತ್ತ್ವವನ್ನು ಬೇರ್ಪಡಿಸಿದನು. 1912ರಲ್ಲಿ ಫುಂಕ್ ಎಂಬಾತನು ಅಂಥ ಸತ್ತ್ವಗಳಿಗೆ ವಿಟಮಿನ್ ಎಂಬ ಹೆಸರನ್ನಿಟ್ಟನು. ಬೆರಿಬೆರಿಯನ್ನು ತಡೆಯುವುದು ಸಸಾರಜನಕವಲ್ಲ, ತೌಡಿನಲ್ಲಿರುವ ಬಿ ಒಂದು ಎಂಬ ಜೀವಸತ್ತ್ವ. ಬಾರ್ಲಿಯಲ್ಲಿಯೂ ಮಾಂಸದಲ್ಲಿಯೂ ಅದು ಇದ್ದುದರಿಂದ ತಕಾಕಿಯ ನಾವಿಕರು ಉಳಿದುಕೊಂಡರು. ತಪ್ಪು ದಾರಿಯಲ್ಲಿ ನಡೆದು ಸರಿಯಾದ ಊರನ್ನು ಮುಟ್ಟಿದನೆಂದು ಹೀಗಳೆಯುವವರುಂಟು. ಆದರೆ ದಾರಿಯುದ್ದಕ್ಕೂ ಆತನು ತಲೆಗಳನ್ನು ಎಣಿಸುತ್ತ ನಡೆದನು. ರೋಗಿಗಳು ಇಳಿಯದೆ ಹೋಗಿದ್ದರೆ ಒಂದು ವರ್ಷದಲ್ಲಿ ಅವನಿಗೇ ತಿಳಿದುಬಿಡುತ್ತಿತ್ತು. ಸೈನ್ಯದ ಕಚೇರಿಯಲ್ಲಿಯೂ ಲೆಕ್ಕಗಳಿದ್ದವು. ಆದರೆ ಅವು ಸಿದ್ಧಾಂತವನ್ನು ಅಲ್ಲಾಡಿಸಲು ಹತ್ತು ವರ್ಷಗಳೂ ಎರಡು ಯುದ್ಧಗಳೂ ಬೇಕಾದವು.

ಈ ವಿಷಯದಲ್ಲಿ ನಮ್ಮ ನಾಡಿನ ಅಡಿಗೆಮನೆಯನ್ನೂ ಒಮ್ಮೆ ನೋಡಬಹುದು. ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲು ಬೇಯಿಸಿ ಒಣಗಿಸುವುದರಿಂದ ತೌಡಿನ ಸತ್ತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಅದು ಪೂರಾ ನಷ್ಟವಾಗುವುದಿಲ್ಲ. ಮೈಸೂರು ಸೀಮೆಯವರನ್ನು ರಾಗಿಯೇ ಕಾಪಾಡಿತು. ಬೆರಿಬೆರಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡದ್ದು ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದ ಆಂಧ್ರದ ಉತ್ತರ ಸರ್ಕಾರ ಜಿಲ್ಲೆಗಳಲ್ಲಿ. ಈ ರೋಗವನ್ನು ವಿಚಾರಿಸಲೆಂದೇ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮೆಕಾರಿಸನ್ ಎಂಬ ವೈದ್ಯನು ಒಂದೇ ಕೋಣೆಯಲ್ಲಿ ಕೆಲಸವನ್ನು ಆರಂಭಿಸಿದನು. ಅದೇ ಬೆಳೆದು, ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯಾಗಿದೆ. ಭಾರತೀಯರಿಗಾಗಿ ಆಹಾರದ ಮಾರ್ಗಸೂತ್ರಗಳನ್ನು 1998ರಲ್ಲಿ ಮೊದಲು ಹೊರಡಿಸಿ, 2024ರಲ್ಲಿ ಹೊಸದಾಗಿ ಪರಿಷ್ಕರಿಸಿದ ಸಂಸ್ಥೆ ಅದೇ.

ಹಾಗಾದರೆ ಚರ್ಚಾಕೂಟದ ಪ್ರಶ್ನೆಗೆ ತಕಾಕಿಯ ಜೀವನವು ಉತ್ತರ ಕೊಡುವುದೆ? ಅರ್ಧ ಕೊಡುವುದೆಂದು ನನ್ನ ಎಣಿಕೆ. ನಾವಿಕನು ಹಡಗನ್ನು ಬಿಟ್ಟು ಬೇರೆ ಹೋಟೆಲಿಗೆ ಹೋಗಲಾರನು. ಬಡಿಸಿದ್ದನ್ನು ಉಣ್ಣಬೇಕು, ಇಲ್ಲವೆ ಹಸಿದಿರಬೇಕು. ಪಟ್ಟಣದ ಗೃಹಸ್ಥನ ಮಾತು ಬೇರೆ. ನೌಕಾಬಲದಲ್ಲಿ ಬೆರಿಬೆರಿ ಅಡಗಿ ನಲವತ್ತು ವರ್ಷಗಳಾದ ಮೇಲೆಯೂ, ವಿಟಮಿನ್ನಿನ ಸಂಗತಿ ಪಂಡಿತರಿಗೆಲ್ಲ ತಿಳಿದ ಮೇಲೆಯೂ, 1920ರ ದಶಕದ ಜಪಾನಿನಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದರಿಂದ ಸಾಯುತ್ತಲೇ ಇದ್ದರು. ಯಾರೂ ಅವರಿಗೆ ಬುದ್ಧಿ ಹೇಳಿರಲಿಲ್ಲವೆಂದಲ್ಲ. ಬಿಳಿಯ ಅನ್ನವು ಘನತೆಯ ಗುರುತಾಗಿತ್ತು, ಗಿರಣಿಗಳು ಅಗ್ಗವಾಗಿದ್ದವು, ಬುದ್ಧಿಮಾತು ಹೊಟ್ಟೆಗೆ ಇಳಿಯಲಿಲ್ಲ. ಇನ್ನೊಂದು ಭೇದವೂ ಇದೆ. ಬೆರಿಬೆರಿಗೆ ಕಾರಣ ಒಂದು; ಊಟ ಬದಲಾದರೆ ಕೆಲವೇ ವಾರಗಳಲ್ಲಿ ಗುಣ ಕಾಣುವುದು. ಇಂದಿನ ಸೂತ್ರಗಳು ಹೋರಾಡುವುದು ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳೊಡನೆ. ಅವುಗಳಿಗೆ ಕಾರಣ ಹಲವು, ಕಾಲ ಇಪ್ಪತ್ತು ಮೂವತ್ತು ವರ್ಷ. ಅಲ್ಲಿ ಹಡಗಿನ ಹಾಗೆ ತಲೆ ಎಣಿಸುವುದು ಬಲು ಕಷ್ಟ. ಕಷ್ಟವೆಂದು ಎಣಿಸುವುದನ್ನೇ ಬಿಟ್ಟು, ಎಷ್ಟು ಲಕ್ಷ ಪ್ರತಿ ಅಚ್ಚಾದವೆಂಬ ಲೆಕ್ಕವನ್ನು ಕೊಡುವ ಇಲಾಖೆಗಳನ್ನು ಕಂಡಾಗ ನನಗೆ ಮೋರಿಯ ನೆನಪಾಗುವುದು.

ತಕಾಕಿಯು ಆಹಾರವೊಂದನ್ನೇ ಹಿಡಿದುಕೊಂಡು ಕುಳಿತವನಲ್ಲ. 1881ರಲ್ಲಿ ವೈದ್ಯಶಾಲೆಯನ್ನೂ, ಮರುವರ್ಷ ಬಡವರಿಗಾಗಿ ಧರ್ಮಾಸ್ಪತ್ರೆಯನ್ನೂ, 1885ರಲ್ಲಿ ಜಪಾನಿನ ಮೊತ್ತಮೊದಲ ದಾದಿಯರ ಶಾಲೆಯನ್ನೂ ಟೋಕಿಯೊದಲ್ಲಿ ಸ್ಥಾಪಿಸಿದನು. ನೈಟಿಂಗೇಲ್ ಮಹಿಳೆಯ ದಾದಿಯರ ಶಾಲೆ ಇದ್ದುದು ಅವನು ಓದಿದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ. ಅದನ್ನು ಅವನು ಮರೆತಿರಲಿಲ್ಲ. ನೌಕಾಬಲದ ವೈದ್ಯ ಇಲಾಖೆಯ ಅತ್ಯುಚ್ಚ ಪದವಿಗೇರಿ 1892ರಲ್ಲಿ ನಿವೃತ್ತನಾದನು. 1905ರಲ್ಲಿ ಬ್ಯಾರನ್ ಪದವಿಯು ದೊರೆಯಿತು. ಜನರು ಪ್ರೀತಿಯಿಂದಲೂ ಕೊಂಚ ಹಾಸ್ಯದಿಂದಲೂ ಅವನನ್ನು ಬಾರ್ಲಿಯ ಬ್ಯಾರನ್ ಎಂದು ಕರೆದರು. 1906ರಲ್ಲಿ ಲಂಡನ್ನಿಗೆ ಹೋಗಿ ತಾನು ಕಲಿತ ಆಸ್ಪತ್ರೆಯಲ್ಲೇ ಈ ಕಥೆಯನ್ನು ಮೂರು ಉಪನ್ಯಾಸಗಳಲ್ಲಿ ಹೇಳಿದನು. ಅವು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದವು. ಮುಪ್ಪಿನಲ್ಲಿ ಊರೂರು ತಿರುಗಿ ಶಾಲೆಯ ಮಕ್ಕಳಿಗೂ ಹಳ್ಳಿಗರಿಗೂ ಬಾರ್ಲಿಯ ಗುಣವನ್ನು ಬೋಧಿಸುತ್ತಿದ್ದನು. ಹಡಗಿನಲ್ಲಿ ಆಜ್ಞೆಯಿಂದ ಆದ ಕೆಲಸವನ್ನು ಊರಿನಲ್ಲಿ ಮಾತಿನಿಂದ ಮಾಡಲು ಹೊರಟ ಮುದುಕನ ಈ ಅಲೆದಾಟಕ್ಕೆ ಎಷ್ಟು ಫಲ ದೊರೆಯಿತೆಂಬುದನ್ನು ಮೇಲಿನ ಸಾವಿನ ಲೆಕ್ಕವೇ ಹೇಳುತ್ತದೆ.

1908ರಲ್ಲಿ ಸರ್ಕಾರವು ಬೆರಿಬೆರಿಯ ವಿಚಾರಣೆಗೆಂದು ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷನು, ಅಷ್ಟರಲ್ಲಿ ಸೈನ್ಯದ ವೈದ್ಯ ಇಲಾಖೆಗೆ ಮುಖ್ಯನಾಗಿದ್ದ ಮೋರಿಯೇ. ತಕಾಕಿಯು 1920ರ ಏಪ್ರಿಲಿನಲ್ಲಿ ತೀರಿಕೊಂಡನು, ಮೋರಿಯು 1922ರಲ್ಲಿ. ಸಮಿತಿಯು ರೋಗಕ್ಕೆ ವಿಟಮಿನ್ನಿನ ಕೊರತೆಯೇ ಮುಖ್ಯ ಕಾರಣವೆಂದು ಒಪ್ಪಿ, ತನ್ನ ಕೆಲಸವನ್ನು ಮುಗಿಸಿದ್ದು 1924ರಲ್ಲಿ.